ಒಬ್ಬರೇ ಹೊರಟ ಪುಟ್ಟ ಪ್ರಯಾಣಿಕರು

ಅಹಮದಾಬಾದ್, ವಡೋದರಾ, ಸೂರತ್ತಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಪ್ರತಿ ವರ್ಷ ಎದುರಾಗುವ ತೊಡಕೊಂದಿದೆ. ಇಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಊರಿನ ಮಕ್ಕಳಿಗೆ ಏಪ್ರಿಲ್ ಎರಡನೇ ವಾರಕ್ಕೇ ರಜೆ ಶುರುವಾಗಿ, ಮೇ ಮುಗಿಯುವಷ್ಟರಲ್ಲಿ ಮತ್ತೆ ಶಾಲೆಯ ಗಂಟೆ ಬಾರಿಸುತ್ತದೆ. ಅಲ್ಲಿ ದಸರಾ ರಜೆ, ಇಲ್ಲಿ ದೀಪಾವಳಿ ರಜೆ. ಅಕ್ಕತಂಗಿಯರ ಮಕ್ಕಳು ಅಜ್ಜಿಯ ಮನೆಯಲ್ಲಿ ಒಟ್ಟಿಗೆ ಸೇರಬೇಕೆಂದರೆ ಮೇ ತಿಂಗಳ ಎರಡು ಮೂರು ವಾರಗಳಷ್ಟೇ ಉಳಿಯುತ್ತವೆ. ಆಗಲೇ ಅಪ್ಪನಿಗೆ ರಜೆ ಸಿಗುವುದಿಲ್ಲ, ಅಮ್ಮನಿಗೂ ಬಿಡುವಿಲ್ಲ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಸಾಲದ ದಾರಿ, ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. 'ಮಗುವನ್ನು ಒಂದನ್ನೇ ವಿಮಾನದಲ್ಲಿ ಕಳಿಸಿಬಿಟ್ಟರೆ ಹೇಗೆ?' ಎಂಬ ಮಾತು ಊಟದ ಹೊತ್ತಿಗೆ ಬರುವುದು ಹೀಗೆ.

ಅಹಮದಾಬಾದಿನವರಿಗೆ ಇದು ಹಗುರವಾದ ಮಾತಲ್ಲ. 2025ರ ಜೂನ್ 12ರಂದು ಮೇಘಾಣಿನಗರದಲ್ಲಿ ವಿಮಾನ ಬಿದ್ದ ದಿನವನ್ನು ಇಲ್ಲಿ ಯಾರೂ ಮರೆತಿಲ್ಲ. ಅದಾದ ಮೇಲೆ ಮಕ್ಕಳನ್ನು ವಿಮಾನ ಹತ್ತಿಸಲು ಮನಸ್ಸೇ ಬರುವುದಿಲ್ಲ ಎನ್ನುವವರನ್ನು ಒಪ್ಪಿಸುವುದು ನನ್ನ ಉದ್ದೇಶವಲ್ಲ. ಕಳಿಸಲೇಬೇಕೆಂದಿರುವವರು ಏನು ತಿಳಿದಿರಬೇಕು ಎಂಬುದಷ್ಟೇ ಇಂದಿನ ಮಾತು.

ನಿಮಗೆ ನೆನಪಿರಬಹುದು. ಕೊರೊನಾ ಲಾಕ್‌ಡೌನ್ ಬಳಿಕ 2020ರ ಮೇ 25ರಂದು ದೇಶದೊಳಗಿನ ವಿಮಾನಗಳು ಮತ್ತೆ ಹಾರಿದ ಮೊದಲ ದಿನ, ಐದು ವರ್ಷದ ಹುಡುಗನೊಬ್ಬ ದೆಹಲಿಯಿಂದ ಬೆಂಗಳೂರಿಗೆ ಒಬ್ಬನೇ ಬಂದಿಳಿದ. ಹಳದಿ ಕೋಟು, ಮುಖಕ್ಕೆ ಮಾಸ್ಕು, ಕೈಗೆ ಗವಸು, ಜೊತೆಗೆ 'ವಿಶೇಷ ವರ್ಗ' ಎಂದು ಬರೆದ ಫಲಕ. ಅಜ್ಜ ಅಜ್ಜಿಯ ಬಳಿ ಸಿಕ್ಕಿಕೊಂಡಿದ್ದ ಮಗ ಮೂರು ತಿಂಗಳ ಮೇಲೆ ತಾಯಿಯ ಕೈ ಸೇರಿದ. ಆ ಚಿತ್ರ ದೇಶವೆಲ್ಲ ಓಡಾಡಿತು. ಎಲ್ಲರೂ ಹುಡುಗನ ಧೈರ್ಯ ಹೊಗಳಿದರು. ಹೊಗಳಬೇಕಾದ್ದೇ. ಆದರೆ ಐದು ವರ್ಷದ ಮಗುವಿನ ಧೈರ್ಯವನ್ನು ನಂಬಿ ಯಾವ ವಿಮಾನವೂ ಹಾರುವುದಿಲ್ಲ. ಕಳಿಸುವ ಕೈ, ನಡುವಿನ ಕೈ, ಬರಮಾಡಿಕೊಳ್ಳುವ ಕೈ, ಈ ಮೂರೂ ಒಂದಕ್ಕೊಂದು ತಾಗಬೇಕು.

ನಡುವಿನ ಕೈ ಎಂದರೆ ವಿಮಾನ ಸಂಸ್ಥೆ. ಇಂಡಿಗೋ, ಏರ್ ಇಂಡಿಯಾದಂಥ ಸಂಸ್ಥೆಗಳು 5 ವರ್ಷ ತುಂಬಿದ, 12 ತುಂಬದ ಮಕ್ಕಳನ್ನು ಒಂಟಿಯಾಗಿ ಕರೆದೊಯ್ಯುವ ಸೇವೆ ಇಟ್ಟುಕೊಂಡಿವೆ. ಟಿಕೆಟ್ಟಿನ ಜೊತೆ ಬೇರೆ ಶುಲ್ಕವಿದೆ. ಮೊದಲೇ ತಿಳಿಸಬೇಕು, ಹೊರಡುವ ಗಳಿಗೆಯಲ್ಲಿ ಕೌಂಟರಿನಲ್ಲಿ ಕೇಳಿದರೆ ಆಗದು. ಮಾರ್ಗದಲ್ಲಿ ವಿಮಾನ ಬದಲಿಸುವ ಟಿಕೆಟ್ಟು ಬೇಡವೇ ಬೇಡ. ವಡೋದರಾದವರು ನೇರ ವಿಮಾನ ಸಿಗದಿದ್ದರೆ 93 ಕಿಲೋಮೀಟರಿನ ಎಕ್ಸ್‌ಪ್ರೆಸ್ ವೇ ಹಿಡಿದು ಅಹಮದಾಬಾದಿಗೇ ಬರುವುದು ಒಳ್ಳೆಯದು. ಸಂಸ್ಥೆಯವರು ಮಗುವನ್ನು ಭದ್ರತಾ ತಪಾಸಣೆ ದಾಟಿಸಿ, ವಿಮಾನದ ಸಿಬ್ಬಂದಿಗೆ ಒಪ್ಪಿಸಿ, ಇಳಿದ ಮೇಲೆ ಫಾರಮ್ಮಿನಲ್ಲಿ ಹೆಸರಿರುವವರಿಗೆ ಮಾತ್ರ ಸಹಿ ಪಡೆದು ಕೊಡುತ್ತಾರೆ. ವಿಮಾನ ನೆಲ ಬಿಡುವವರೆಗೆ ತಂದೆತಾಯಿ ನಿಲ್ದಾಣದಲ್ಲೇ ಇರಬೇಕು. ಮಗು ಒಳಗೆ ಹೋಯಿತೆಂದು ಪಾರ್ಕಿಂಗ್ ದುಡ್ಡು ಉಳಿಸಲು ಓಡಬೇಡಿ.

ಈಗ ಹೆಸರಿನ ಸಂಗತಿ. ಇದು ಗುಜರಾತಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಗೋಜಲು. ಇಲ್ಲಿಯ ಶಾಲೆಯಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ತುಂಡು. ನಮ್ಮ ಕಡೆ ಊರಿನದೋ ಅಪ್ಪನದೋ ಇನಿಷಿಯಲ್ಲು ಹಾಕಿ ಮುಗಿಸುತ್ತೇವೆ. ಟಿಕೆಟ್ಟಿನಲ್ಲಿ ಒಂದು, ಗುರುತಿನ ಚೀಟಿಯಲ್ಲಿ ಇನ್ನೊಂದು ಇದ್ದರೆ ಬಾಗಿಲಲ್ಲೇ ತಕರಾರು. ಅಜ್ಜನದು ಇನ್ನೂ ಸ್ವಾರಸ್ಯ. ಮನೆಮಂದಿಗೆಲ್ಲ 'ಅಪ್ಪಣ್ಣ', ಆಧಾರ್ ಕಾರ್ಡಿನಲ್ಲಿ ಬೇರೆಯೇ ಹೆಸರು. ಫಾರಂ ತುಂಬುವ ಮುನ್ನ ಅಜ್ಜನ ಕಾರ್ಡಿನ ಚಿತ್ರ ತರಿಸಿಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಅಜ್ಜನ ಬದಲು ಚಿಕ್ಕಪ್ಪ ಬರುವುದಾದರೆ ಅದನ್ನು ಸಂಸ್ಥೆಗೆ ಮೊದಲೇ ಹೇಳಿ. ಚಿಕ್ಕಪ್ಪನನ್ನು ಕಂಡು ಮಗು ಕುಣಿದರೂ ಸಿಬ್ಬಂದಿ ಬಿಟ್ಟುಕೊಡಲಾರರು, ಬಿಟ್ಟುಕೊಡಲೂಬಾರದು.

ಬೆಂಗಳೂರಿನ ನಿಲ್ದಾಣ 2008ರಿಂದ ದೇವನಹಳ್ಳಿಯ ಬಳಿಯಿದೆ. ಜಯನಗರದಿಂದ ವಾಯುವಜ್ರ ಬಸ್ಸು ಹಿಡಿದು ಬರುವ ಅಜ್ಜನಿಗೆ ಎರಡು ಗಂಟೆಯಾದರೂ ಬೇಕು. ಚಳಿಗಾಲದ ಬೆಳಗಿನ ಜಾವ ಅಲ್ಲಿ ಮಂಜು ಕವಿದು ವಿಮಾನಗಳು ಚೆನ್ನೈಗೋ ಮತ್ತೆಲ್ಲಿಗೋ ತಿರುಗುವುದುಂಟು. ಹಾಗಾಗಿ ಒಂಟಿ ಮಗುವಿಗೆ ಮಧ್ಯಾಹ್ನದ ವಿಮಾನವೇ ವಾಸಿ, ನಾಲ್ಕುನೂರು ರೂಪಾಯಿ ಹೆಚ್ಚಾದರೂ ಸರಿ.

ಹಿಂದಿರುಗುವಾಗ ಅಜ್ಜಿಯ ಚೀಲದ ಮೇಲೂ ಒಂದು ಕಣ್ಣಿರಲಿ. ತಿಪಟೂರಿನ ಕೊಬ್ಬರಿ ಗಿಟುಕನ್ನು ವಿಮಾನಕ್ಕೆ ಬಿಡುವುದಿಲ್ಲ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಪದಾರ್ಥಗಳ ಪಟ್ಟಿಯಲ್ಲಿ ಅದಿದೆ. ಅಜ್ಜಿಗೆ ಇದನ್ನು ಹೇಳಿ ಒಪ್ಪಿಸುವ ಹೊಣೆ ನಿಮ್ಮದು, ತಪಾಸಣೆಯ ಮುಂದೆ ನಿಂತ ಏಳು ವರ್ಷದ ಮಗುವಿನದಲ್ಲ.

ನನಗೆ ನಿಜವಾಗಿ ಆತಂಕ ತರುವುದು ಈ ಏಳು ವರ್ಷದವರಲ್ಲ. ಅವರ ಮೇಲೆ ಹತ್ತು ಕಣ್ಣುಗಳಿರುತ್ತವೆ. ಹನ್ನೆರಡು ತುಂಬಿದವರ ಕಥೆ ಬೇರೆ. ವಿಮಾನದ ಲೆಕ್ಕದಲ್ಲಿ 12 ತುಂಬಿದವರು ದೊಡ್ಡವರು. ದೊಡ್ಡವರ ದರ, ದೊಡ್ಡವರ ಟಿಕೆಟ್ಟು. ಯಾರೂ ಕೈ ಹಿಡಿಯುವುದಿಲ್ಲ, ಯಾರೂ ಸಹಿ ಕೇಳುವುದಿಲ್ಲ. ಗೇಟು ಬದಲಾದರೆ ಪರದೆ ನೋಡಿಕೊಳ್ಳಬೇಕು. ವಿಮಾನ ನಾಲ್ಕು ಗಂಟೆ ತಡವಾದರೆ ಒಬ್ಬರೇ ಕೂತಿರಬೇಕು. ಏಳನೇ ತರಗತಿಯ ಹುಡುಗಿಗೆ ಹನ್ನೆರಡನೇ ಹುಟ್ಟುಹಬ್ಬದ ಹಿಂದಿನ ದಿನ ಸಿಗುತ್ತಿದ್ದ ಕಾವಲು ಮರುದಿನ ಇಲ್ಲ. ಕೆಲವು ಸಂಸ್ಥೆಗಳು ಕೇಳಿಕೊಂಡರೆ, ಶುಲ್ಕ ಕೊಟ್ಟರೆ ಈ ವಯಸ್ಸಿನವರಿಗೂ ಸೇವೆ ನೀಡುತ್ತವೆ. ಕೇಳಿ ನೋಡಿ. 'ನಾನೇನು ಚಿಕ್ಕವಳಾ?' ಎಂದು ಮಗಳು ಮುಖ ಊದಿಸಿಕೊಂಡರೂ ಕೇಳಿ. ಸಿಗದಿದ್ದರೆ ಮೊದಲ ಸಲ ಜೊತೆಗೆ ಹೋಗಿ, ಬೋರ್ಡಿಂಗ್ ಪಾಸು ಅವಳ ಕೈಗೇ ಕೊಟ್ಟು ನೀವು ಹಿಂದೆ ನಡೆಯಿರಿ.

ಇನ್ನೊಂದು ಮಾತು. ಅಮ್ಮನ ಫೋನ್ ನಂಬರು ಬಾಯಿಪಾಠ ಬರುತ್ತದೆಯೇ ಎಂದು ಇವತ್ತೇ ಮಕ್ಕಳನ್ನು ಕೇಳಿ. ಮೊಬೈಲಿನಲ್ಲಿ 'ಅಮ್ಮ' ಎಂದು ಒತ್ತುವುದು ಗೊತ್ತು, ಆ ಹತ್ತು ಅಂಕಿ ಗೊತ್ತಿರುವುದಿಲ್ಲ. ಚಾರ್ಜು ಮುಗಿದ ಫೋನು ಹಿಡಿದು ನಿಂತ ಮಗು ಪಕ್ಕದವರಿಗೆ ಹೇಳಬೇಕಾದ್ದು ಅದೇ ಹತ್ತು ಅಂಕಿ.