ಬಡ್ಡಿಯ ದಿನ, ಮುಷ್ಕರದ ದಿನ

(ರಾಯಚೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ ಹೆಚ್ಚಬೇಕೆಂದು ಎಷ್ಟೋ ಸಭೆಗಳಲ್ಲಿ ಕೂಗಿದ್ದೇವೆ, ಇನ್ನೂ ಕೂಗುತ್ತೇವೆ. ಇಂದು ಮಾತ್ರ ಮಾಲೀಕರ ಲೆಕ್ಕವನ್ನು ಬದಿಗಿಟ್ಟು ನಮ್ಮ ಲೆಕ್ಕ ತೆಗೆಯೋಣ. ಮೊದಲು ನನ್ನದೇ ಆಗಲಿ. ಅಷ್ಟು ಕೆಟ್ಟ ಲೆಕ್ಕ ನಿಮ್ಮಲ್ಲಿ ಬೇರೆ ಯಾರದೂ ಇರಲಾರದು.

ನಾನು ಹತ್ತಿ ಜಿನ್ನಿಂಗ್ ಗಿರಣಿಯೊಂದರಲ್ಲಿ ದುಡಿಯುತ್ತಿದ್ದಾಗ ತಂದೆ ತೀರಿಕೊಂಡರು. ದಿನಕರ್ಮದ ಊಟಕ್ಕೆ 20,000 ರೂಪಾಯಿ ಸಾಲ ಎತ್ತಿದೆ. ಸೇಕಡಾ ಐದು. ಕೇಳಲಿಕ್ಕೆ ಎಷ್ಟು ಸಣ್ಣ ಅಂಕಿ! ತಿಂಗಳಿಗೆ ಐದೆಂದರೆ ವರ್ಷಕ್ಕೆ ಅರವತ್ತು. ತಿಂಗಳಿಗೆ 1,000ದಂತೆ ಮೂರು ವರ್ಷ ಕಟ್ಟಿದೆ. 36,000 ಹೋಯಿತು, ಅಸಲು ಇದ್ದಲ್ಲಿಯೇ ಇತ್ತು.

ಆ ಮೂರನೆಯ ವರ್ಷ ಗಿರಣಿಯಲ್ಲಿ ಕೂಲಿಗಾಗಿ ಕೆಲಸ ನಿಲ್ಲಿಸಿದೆವು. ಎರಡು ದಿನ ಬಾಗಿಲಲ್ಲಿ ನಾನೂ ಕೂತೆ, ಘೋಷಣೆ ಕೂಗಿದೆ. ಮೂರನೆಯ ದಿನ ಬಡ್ಡಿಯ ದಿನ. ಬೆಳಗಿನ ಜಾವ ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ನನ್ನ ಹಿಂದೆ ಇನ್ನೂ ನಾಲ್ವರು ಬಂದರು. ಅವರೂ ಅದೇ ಸಾಹುಕಾರನ ಸಾಲಗಾರರು. ಮಧ್ಯಾಹ್ನಕ್ಕೆ ಮುಷ್ಕರ ಮುರಿಯಿತು. ಜನ ಮಾಲೀಕನನ್ನು ಬೈದರು. ಮುರಿದವರು ಯಾರೆಂದು ನನಗೆ ಗೊತ್ತಿತ್ತು. ಈ ಮಾತನ್ನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

‘ಪಗಾರವೇ ಸಾಲದು, ಉಳಿಸುವುದೆಲ್ಲಿಂದ?’ ಎಂದು ನಾನೂ ಹೇಳುತ್ತಿದ್ದೆ. ಇದರಲ್ಲಿ ಅರ್ಧ ನಿಜವಿದೆ; ಆದುದರಿಂದಲೇ ಇದು ಅಪಾಯದ ನೆಪ. ಪಗಾರ ಸಾಲದೆಂದ ಅದೇ ಮನುಷ್ಯ ಒಂದು ತಿಂಗಳೂ ತಪ್ಪದೆ ಸಾವಿರ ರೂಪಾಯಿ ತೆಗೆದಿಟ್ಟ. ನನ್ನ ಮನೆಗೆ ಉಳಿಸಲಾರದವನು ಸಾಹುಕಾರನ ಮನೆಗೆ ಉಳಿಸಿಕೊಟ್ಟೆನಲ್ಲ! ‘ಜನ ಏನೆಂದಾರು?’ ಎಂಬುದು ಇನ್ನೊಂದು. ಅಂದು ಊಟ ಮಾಡಿ ಹೋದವರಲ್ಲಿ ಒಬ್ಬರಾದರೂ ಬಡ್ಡಿಯ ದಿನ ನನ್ನ ಬಾಗಿಲಿಗೆ ಬರಲಿಲ್ಲ. ‘ಸೀಜನ್ ಬರಲಿ, ತೀರಿಸೋಣ’ ಎಂಬುದು ಮೂರನೆಯದು. ಮೂರು ಸೀಜನ್ ಬಂದವು, ಹೋದವು.

ಮುಷ್ಕರ ಮುರಿದ ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಲ್ಲಿಯವರೆಗೆ ಸಾಲ ಎಷ್ಟೆಂದು ಆಕೆಗೆ ತಿಳಿದಿರಲಿಲ್ಲ. ಬೈಯುತ್ತಾಳೆಂದುಕೊಂಡೆ, ಆಕೆ ಮಗನ ನೋಟುಬುಕ್ಕು ತಂದು ಬರೆಯಲು ಕೂತಳು. ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು ನೀವೆಲ್ಲ ಬಲ್ಲಿರಿ. ಗಂಡ ಮಾರಯ್ಯ ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಕಳಿಸಿದವಳು. ಕೂಡಿಡಬಾರದೆಂಬುದಕ್ಕೆ ಈ ಕಥೆ ಹೇಳುವವರಿದ್ದಾರೆ. ನನಗೆ ಕಾಣುವುದು ಬೇರೆ: ಆ ಮನೆಯಲ್ಲಿ ಬಂದದ್ದೆಷ್ಟು, ಬೇಕಾದದ್ದೆಷ್ಟು ಎಂಬುದು ಹೆಂಡತಿಗೆ ಗೊತ್ತಿತ್ತು.

ಲೆಕ್ಕ ಬರೆದ ಮೇಲೆ ಗುಟ್ಕಾ ಬಿಟ್ಟೆ. ಚಹಾ ಬಿಡಲಿಲ್ಲ; ಬಿಡಿರೆಂದು ನಿಮಗೂ ಹೇಳಲಾರೆ. ವಾರಕ್ಕೆ ನೂರು ರೂಪಾಯಿ ಸಹಕಾರಿ ಸಂಘದಲ್ಲಿ ಕಟ್ಟುತ್ತ ಬಂದೆ. ವರ್ಷವಾದ ಮೇಲೆ ಸಂಘ ವರ್ಷಕ್ಕೆ ಸೇಕಡಾ ಹನ್ನೆರಡರಂತೆ 20,000 ಸಾಲ ಕೊಟ್ಟಿತು. ಸಾಹುಕಾರನದನ್ನು ಅಂದೇ ಎಸೆದು ಬಂದೆ. ತಿಂಗಳಿಗೆ ಕಟ್ಟಿದ್ದು ಅದೇ ಸಾವಿರ ರೂಪಾಯಿ. ಮೂರು ವರ್ಷ ಅಸಲನ್ನು ಮುಟ್ಟದ ಅದೇ ಸಾವಿರ 23 ತಿಂಗಳಲ್ಲಿ ಅಸಲು ಬಡ್ಡಿ ಎರಡನ್ನೂ ತೀರಿಸಿತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದ್ದರು. ಅಷ್ಟು ಹಳೆಯ ದಾರಿಯನ್ನು ಹುಡುಕಲು ನನಗೆ ನಾಲ್ಕು ವರ್ಷ ಬೇಕಾಯಿತು.

ವ್ಯಾಪಾರಿ ಮಿತ್ರರದು ಇನ್ನೊಂದು ಬಗೆ. ಬೆಳಿಗ್ಗೆ 900 ಪಡೆದು ಸಂಜೆ 1,000 ಕೊಡುವ ತಳ್ಳುಗಾಡಿಯ ತಾಯಂದಿರು ಇಲ್ಲಿದ್ದೀರಿ. ಒಂದು ಹಗಲಿಗೆ ನೂರು ರೂಪಾಯಿ! ದಿನಕ್ಕೆ ಇಪ್ಪತ್ತರಂತೆ ಬೇರೆ ಡಬ್ಬಿಯಲ್ಲಿ ಹಾಕಿದರೆ 45ನೆಯ ದಿನ ಆ 900 ನಿಮ್ಮದೇ ಆಗುತ್ತದೆ. ಆ ಡಬ್ಬಿಯನ್ನು ಮದುವೆ ಬಂದರೂ ಜಾತ್ರೆ ಬಂದರೂ ಮುಟ್ಟಬಾರದು, ಕಷ್ಟವಿರುವುದು ಅಲ್ಲಿ. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದಲೇ ಮನೆಯ ಸಂತೆ ಮಾಡುತ್ತಾರೆ. ವ್ಯಾಪಾರದಲ್ಲಿ ಲುಕ್ಸಾನೋ ಮನೆಯಲ್ಲಿ ಲುಕ್ಸಾನೋ ಅವರಿಗೇ ತಿಳಿಯದು.

ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ, ಅದಕ್ಕೆ ಫೋನಿನಲ್ಲಿ ಮೂರನೆಯ ಸಾಲ ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ವಸೂಲಿಗೆ ಬಂದು ಹೆದರಿಸಿದರೆ ಹೆದರಬೇಡಿ. ಕಿರುಸಾಲ ಕಿರುಕುಳದ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಹತ್ತು ವರ್ಷದವರೆಗೆ ಸೆರೆವಾಸದ ಶಿಕ್ಷೆ ಅದರಲ್ಲಿದೆ. ಪೊಲೀಸ್ ಠಾಣೆಗೆ ಒಬ್ಬರೇ ಹೋಗಬೇಡಿ, ನಮ್ಮನ್ನು ಕರೆಯಿರಿ. ಆದರೆ ಕಾನೂನು ಬಾಗಿಲ ಮುಂದಿನ ಗದ್ದಲವನ್ನು ನಿಲ್ಲಿಸೀತು. ನಾಲ್ಕನೆಯ ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಕೈಯನ್ನು ಹಿಡಿಯಲಾರದು.

ಮುಂದಿನ ಪಗಾರದ ದಿನ ಸಂಜೆ ಇಲ್ಲಿಯೇ ಕೂಡೋಣ. ಯಾರಿಗೆ ಎಷ್ಟು ಕೊಡಬೇಕು, ಯಾವ ದರ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ. ಮನೆಯವರನ್ನೂ ಕರೆತನ್ನಿ, ನೀವು ಮರೆತ ಒಂದೆರಡು ಸಾಲ ಅವರ ನೆನಪಿನಲ್ಲಿರುತ್ತವೆ.