ಹವಳದ ತೊಟ್ಟಿಗೆ ಎಲ್‌ಇಡಿ ದೀಪದ ಆಯ್ಕೆ

(ಭಾಷಣದ ಪಾಠ)



ಕಾಡುಗೋಡಿಯಿಂದ ಚೆನ್ನೈ ಕಡಲಿಗಾಗಲಿ ಮಂಗಳೂರಿನ ಕಡಲಿಗಾಗಲಿ ರಸ್ತೆಯ ಮೇಲೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಬೆಂಗಳೂರಿನ ಮನೆಗಳಲ್ಲಿ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ ಹವಳ ಸಾಕುವ ಹವ್ಯಾಸಿಗಳಿದ್ದಾರೆ. ಈ ಹವ್ಯಾಸದ ಖರ್ಚಿನಲ್ಲಿ ದೊಡ್ಡ ಪಾಲು ದೀಪದ್ದು. ಹೊಸಬರ ತೊಟ್ಟಿಯಲ್ಲಿ ಹವಳ ಸಾಯುವುದಕ್ಕೂ ಎಷ್ಟೋ ಸಲ ದೀಪವೇ ಕಾರಣವಾಗಿರುತ್ತದೆ.

ಹವಳ ಗಿಡವಲ್ಲ, ಪ್ರಾಣಿ. ಆದರೆ ತೊಟ್ಟಿಯಲ್ಲಿ ಸಾಕುವ ಹವಳಗಳಲ್ಲಿ ಹೆಚ್ಚಿನವುಗಳ ಮೈಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ನೆಲೆಸಿರುತ್ತದೆ. ಅದು ಬೆಳಕಿನ ಸಹಾಯದಿಂದ ಸಕ್ಕರೆ ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಅವರೆ, ತೊಗರಿಯ ಬೇರುಗಂಟಿನಲ್ಲಿರುವ ರೈಜೋಬಿಯಂ ಗಿಡಕ್ಕೆ ಸಾರಜನಕ ಒದಗಿಸುವುದನ್ನು ಬಲ್ಲ ರೈತರಿಗೆ ಈ ಕೊಡುಕೊಳ್ಳುವಿಕೆ ಹೊಸದೇನಲ್ಲ. ಆದ್ದರಿಂದ ಹವಳಕ್ಕೆ ದೀಪವೆಂದರೆ ಅಲಂಕಾರವಲ್ಲ, ಅದರ ಆಹಾರ.

ದೀಪಕ್ಕಿಂತ ಮೊದಲು ಯಾವ ಹವಳ ಎಂಬುದನ್ನು ತೀರ್ಮಾನಿಸಬೇಕು. ಅನೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲು ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ತುಂಡು ಕಲ್ಲು ಹವಳ ತಂದರೂ ಅಪರಾಧವೇ. ಕಲ್ಲು ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅಂಗಡಿಯವರ ಬಾಯಿಮಾತನ್ನು ನಂಬದೆ ಆಮದಿನ ದಾಖಲೆಗಳನ್ನು ಕೇಳಬೇಕು, ಅನುಮಾನವಿದ್ದರೆ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು. ಕಲ್ಲು ಹವಳದ ಆಸೆ ಬಿಟ್ಟು, ದಾಖಲೆಯಿರುವ ಅಣಬೆ ಹವಳ, ಚರ್ಮದಂತಿರುವ ಮೆದು ಹವಳ ಮೊದಲಾದವುಗಳಿಗೆ ತೃಪ್ತಿಪಡುವುದು ಮನೆಯ ತೊಟ್ಟಿಗೆ ಕ್ಷೇಮ. ಇದರಿಂದ ಇನ್ನೊಂದು ಲಾಭವೂ ಇದೆ: ಇವಕ್ಕೆ ದುಬಾರಿ ದೀಪ ಬೇಕಿಲ್ಲ.

ಈಗ ಬೆಳಕಿನ ಪ್ರಮಾಣ. ದೀಪದ ಪೆಟ್ಟಿಗೆಯ ಮೇಲೆ ವಾಟ್ ಮತ್ತು ಲ್ಯೂಮೆನ್ ಎಂದು ಎರಡು ಅಂಕಿ ಬರೆದಿರುತ್ತದೆ. ದೀಪ ನುಂಗುವ ವಿದ್ಯುತ್ತೆಷ್ಟು ಎಂಬುದು ವಾಟ್. ಮನುಷ್ಯನ ಕಣ್ಣಿಗೆ ಎಷ್ಟು ಪ್ರಕಾಶವಾಗಿ ಕಾಣುತ್ತದೆ ಎಂಬುದು ಲ್ಯೂಮೆನ್. ಕಣ್ಣು ಹಸಿರು ಬೆಳಕನ್ನು ಹೆಚ್ಚು ಗ್ರಹಿಸುತ್ತದೆ, ನೀಲಿಯನ್ನು ಕಡಿಮೆ. ಹವಳದ ಪಾಚಿಗೆ ಮುಖ್ಯವಾದದ್ದೇ ನೀಲಿ. ಹೀಗಾಗಿ ಕಣ್ಣಿಗೆ ಮಂಕಾಗಿ ಕಾಣುವ ನೀಲಿ ದೀಪ ಹವಳವನ್ನು ಸುಡಬಹುದು, ಕೋಣೆಯೆಲ್ಲ ಬೆಳಗುವ ಬಿಳಿ ದೀಪದ ಕೆಳಗೆ ಅದು ಹಸಿದಿರಬಹುದು. ಪಾಲಿಹೌಸಿನಲ್ಲಿ ಬಳಸುವ ಲಕ್ಸ್ ಮೀಟರು ಕೂಡ ಕಣ್ಣಿನ ಲೆಕ್ಕದ್ದೇ ಆದುದರಿಂದ ಇಲ್ಲಿ ದಾರಿ ತಪ್ಪಿಸುತ್ತದೆ.

ಉಪಯೋಗಕ್ಕೆ ಬರುವ ಅಳತೆ ‘ಪಾರ್’. 400ರಿಂದ 700 ನ್ಯಾನೋಮೀಟರ್ ನಡುವಿನ, ಅಂದರೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳುತ್ತದೆ ಎಂಬ ಲೆಕ್ಕವಿದು. ಬೇಸಿಗೆಯ ನಡುಮಧ್ಯಾಹ್ನ ಬಯಲಿನ ಬಿಸಿಲಿನಲ್ಲಿ ಇದು ಸುಮಾರು 2000 ಇರುತ್ತದೆ. ಕವಲೊಡೆದು ಬೆಳೆಯುವ ಕಲ್ಲು ಹವಳಗಳಿಗೆ ತೊಟ್ಟಿಯಲ್ಲಿ 200ರಿಂದ 350 ಕೊಡುವುದು ವಾಡಿಕೆ. ಮೆದು ಹವಳಗಳಿಗೆ 50ರಿಂದ 150 ಸಾಕು, ಅಣಬೆ ಹವಳ ಇದರಲ್ಲೂ ಕೆಳಗಿನ ಅಂಚಿನಲ್ಲಿ ಸುಖವಾಗಿರುತ್ತದೆ. ಇದನ್ನು ಹವಳ ಕೂರುವ ಜಾಗದಲ್ಲಿ, ನೀರಿನೊಳಗೆ ಅಳೆಯಬೇಕು. ದೀಪದ ನೇರ ಕೆಳಗೆ 200 ಇದ್ದರೆ ತೊಟ್ಟಿಯ ಮೂಲೆಯಲ್ಲಿ 50 ಇರಬಹುದು. ಪಾರ್ ಮೀಟರು ದುಬಾರಿ. ಒಬ್ಬರು ಕೊಳ್ಳುವ ಬದಲು ನಾಲ್ಕಾರು ಹವ್ಯಾಸಿಗಳು ಸೇರಿ ಒಂದನ್ನು ಇಟ್ಟುಕೊಳ್ಳುವುದು ಲೇಸು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಸಿ ಬೆಳೆಸಲು ಕೆಂಪು ಮತ್ತು ನೀಲಿ ಬೆರೆತ ನೇರಳೆ ಬಣ್ಣದ ದೀಪಗಳು ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಕೆಂಪೇ ಹೆಚ್ಚು. ಗಿಡ ಬೆಳೆಸುವ ದೀಪವೇ ಪಾಚಿಗೂ ಆಗುತ್ತದೆಂದು ಅದನ್ನು ಹವಳದ ಮೇಲೆ ತೂಗುಹಾಕಬಾರದು. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಹವಳದ ಪಾಚಿ ಅದಕ್ಕೇ ಹೊಂದಿಕೊಂಡಿದೆ. 420ರಿಂದ 480 ನ್ಯಾನೋಮೀಟರ್ ವರೆಗಿನ ನೀಲಿ ಪ್ರಧಾನವಾಗಿದ್ದು, ನೋಡಲು ಹಿತವಾಗುವಷ್ಟು ಬಿಳಿ ಬೆರೆತ, ಎರಡನ್ನೂ ಬೇರೆಬೇರೆಯಾಗಿ ಏರಿಳಿಸಬಹುದಾದ ದೀಪವನ್ನು ಆರಿಸಬೇಕು. ಏರಿಳಿಸುವ ಸೌಲಭ್ಯವಿಲ್ಲದ ದೀಪ ಎಷ್ಟು ಅಗ್ಗವಾದರೂ ಬೇಡ.

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ಮೆದು ಹವಳಗಳಿದ್ದರೆ ಇಂಥ ತೊಟ್ಟಿಗೆ 70 ವಾಟ್ ಆಸುಪಾಸಿನ ಒಳ್ಳೆಯ ಎಲ್‌ಇಡಿ ಸಾಮಾನ್ಯವಾಗಿ ಸಾಕಾಗುತ್ತದೆ. ದಿನಕ್ಕೆ 9 ಗಂಟೆ ಉರಿಸಿದರೆ ತಿಂಗಳಿಗೆ 19 ಯೂನಿಟ್. ಹಿಂದೆ ಇದೇ ಕೆಲಸಕ್ಕೆ ಬಳಸುತ್ತಿದ್ದ 250 ವಾಟಿನ ಮೆಟಲ್ ಹ್ಯಾಲೈಡ್ ದೀಪ ಅಷ್ಟೇ ಹೊತ್ತಿಗೆ 67 ಯೂನಿಟ್ ದಾಟುತ್ತಿತ್ತು, ಜೊತೆಗೆ ನೀರನ್ನೂ ಕಾಯಿಸುತ್ತಿತ್ತು. ಎಲ್‌ಇಡಿ ತನ್ನ ಶಾಖವನ್ನು ಹಿಂಬದಿಯ ಅಲ್ಯೂಮಿನಿಯಂ ಫಲಕದ ಮೂಲಕ ಮೇಲಕ್ಕೆ ಬಿಡುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ತೊಟ್ಟಿಯ ನೀರನ್ನು 24ರಿಂದ 27 ಡಿಗ್ರಿಯಲ್ಲಿ ನಿಲ್ಲಿಸಲು ಹೆಣಗುವವರಿಗೆ ಇದು ಸಣ್ಣ ಅನುಕೂಲವಲ್ಲ. ಆ ಫಲಕದ ಮೇಲೆ ಬಟ್ಟೆಯನ್ನೋ ಪುಸ್ತಕವನ್ನೋ ಇಟ್ಟರೆ ದೀಪ ಬೇಗ ಕೆಡುತ್ತದೆ.

ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಉರಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. ನೆರಳು ಪರದೆಯ ಕೆಳಗಿದ್ದ ಟೊಮ್ಯಾಟೊ ಸಸಿಯನ್ನು ಯಾರೂ ಒಮ್ಮೆಗೇ ಸುಡುಬಿಸಿಲಿಗೆ ನಾಟಿ ಮಾಡುವುದಿಲ್ಲ, ನಾಲ್ಕು ದಿನ ಗಟ್ಟಿಗೊಳಿಸುತ್ತಾರೆ. ಹವಳಕ್ಕೆ ನಾಲ್ಕು ವಾರ ಬೇಕು. ಮೂರನೆಯ ಒಂದು ಭಾಗದಿಂದ ಆರಂಭಿಸಿ ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಬೆಳಕು ಅತಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕಡಿಮೆಯಾದರೆ ಕಂದು ಬಣ್ಣಕ್ಕೆ ತಿರುಗಿ, ನೆರಳಿನ ಸಸಿಯ ಹಾಗೆ ಸೊರಗಿ ಬೆಳಕಿನತ್ತ ಚಾಚುತ್ತದೆ. ಬಿಳಿಚಿದ ಹವಳವನ್ನು ಕಂಡು ಬೆಳಕು ಸಾಲದೆಂದು ದೀಪ ಏರಿಸುವವರು ಉಳಿಯಬಹುದಾಗಿದ್ದ ಹವಳವನ್ನೂ ಕಳೆದುಕೊಳ್ಳುತ್ತಾರೆ. ಅಂಥ ಸಮಯದಲ್ಲಿ ದೀಪ ತಗ್ಗಿಸಿ, ನೀರಿನ ಉಷ್ಣತೆ ಹಾಗೂ ಉಪ್ಪಿನ ಅಂಶವನ್ನು ಪರೀಕ್ಷಿಸಬೇಕು. ನೀರು ಬಿಸಿಯಾದರೂ ಹವಳ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಆದದ್ದು ಇದೇ.

ದಿನಕ್ಕೆ 8ರಿಂದ 10 ಗಂಟೆ ಬೆಳಕು ಸಾಕು. ಟೈಮರ್ ಅಳವಡಿಸಿದರೆ ಮನೆಯವರು ಊರಿಗೆ ಹೋದಾಗಲೂ ಕ್ರಮ ತಪ್ಪುವುದಿಲ್ಲ. ದೀಪವನ್ನು ನೀರಿನಿಂದ 20ರಿಂದ 30 ಸೆಂಟಿಮೀಟರ್ ಮೇಲೆ ಕಟ್ಟಬೇಕು. ವಾರಕ್ಕೊಮ್ಮೆ ದೀಪ ಆರಿಸಿ, ಗಾಜಿಗೆ ಅಂಟಿದ ಉಪ್ಪಿನ ಪದರವನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಕೊಟ್ಟ ಬೆಳಕೆಲ್ಲ ಅಲ್ಲೇ ನಿಲ್ಲುತ್ತದೆ. ಉಪ್ಪುನೀರಿಗೆ ವಿದ್ಯುತ್ ಬಲು ಸುಲಭವಾಗಿ ಹರಿಯುವುದರಿಂದ ಸರಿಯಾದ ಅರ್ತಿಂಗ್ ಹಾಗೂ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ತೊಟ್ಟಿ ಇಡಲೇಬಾರದು. ಪ್ಲಗ್ಗಿಗೆ ಹೋಗುವ ತಂತಿಯನ್ನು ಒಮ್ಮೆ ಕೆಳಕ್ಕೆ ಬಳುಕಿಸಿ ಬಿಟ್ಟರೆ ತಂತಿಯಗುಂಟ ಇಳಿದ ನೀರು ಪ್ಲಗ್ಗನ್ನು ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಕರೆಂಟು ಹೋದಾಗ ದೀಪದ ಚಿಂತೆ ಬೇಡ. ಒಂದು ದಿನದ ಕತ್ತಲೆಯನ್ನು ಹವಳ ತಡೆದುಕೊಳ್ಳುತ್ತದೆ. ನೀರಾಡಿಸುವ ಪಂಪು ನಿಂತು ಆಮ್ಲಜನಕ ಕಡಿಮೆಯಾದರೆ ಕೆಲವೇ ಗಂಟೆಗಳಲ್ಲಿ ಮೀನು, ಹವಳ ಎರಡಕ್ಕೂ ಅಪಾಯ. ಮನೆಯಲ್ಲಿ ಬ್ಯಾಟರಿ ಇದ್ದರೆ ಅದಕ್ಕೆ ಜೋಡಿಸಬೇಕಾದುದು ಪಂಪನ್ನು.