ಒಂದು ಭಾನುವಾರ



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಜೋಡುಪಾಲ, ಮಕ್ಕಂದೂರು ಕಡೆ ಮನೆ, ತೋಟ, ರಸ್ತೆ ಒಟ್ಟಿಗೇ ಜಾರಿಹೋದವು. ನಾಡಿನ ಮೂಲೆಮೂಲೆಯಿಂದ ಅಕ್ಕಿ, ಕಂಬಳಿ, ಬಟ್ಟೆ ಹೊತ್ತ ಲಾರಿಗಳು ಬೆಟ್ಟ ಹತ್ತಿದವು. ಆಮೇಲೆ ಲಾರಿಗಳು ವಿರಳವಾದವು, ಕೆಸರು ಉಳಿಯಿತು.

ನೆರೆಯ ಕೆಸರು ಬಳಿದವರಿಗೆ ಗೊತ್ತು. ಹಸಿಯಿದ್ದಾಗ ಸಲಿಕೆಗೆ ಅಂಟುತ್ತದೆ, ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ. ಒರಳಿನ ಕುಳಿಯಲ್ಲೂ ಮಣ್ಣು, ಉಪ್ಪಿನ ಜಾಡಿಯಲ್ಲೂ ಮಣ್ಣು. ಒಂದು ಅಡುಗೆಮನೆ ತೊಳೆಯಲು ನಾಲ್ಕು ಜನರಿಗೆ ಇಡೀ ದಿನ ಹಿಡಿಯುತ್ತದೆ. ಇಂಥ ಕೆಲಸಕ್ಕೆ ಬೇಸಿಗೆಯವರೆಗೂ ಬರುವ ಕೈಗಳು ಬೇಕು.

ಬೇಸಿಗೆಯೆಂದರೆ ರಜೆ, ಮಕ್ಕಳ ಹಠ, ಶನಿವಾರ–ಭಾನುವಾರದ ತಿರುಗಾಟ. ‘ಅವರು ಸಂಕಟದಲ್ಲಿರುವಾಗ ನಾವು ನಲಿಯುವುದೇ?’ ಎಂಬ ಅಳುಕು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೂ ನನಗನ್ನಿಸುವುದು ಇಷ್ಟು: ಎಲ್ಲ ಭಾನುವಾರಗಳನ್ನೂ ಕೊಟ್ಟವರು ಬೇಗ ಸೋತು ಕೂರುತ್ತಾರೆ, ತಿಂಗಳಿಗೊಂದನ್ನು ಕೊಟ್ಟವರು ವರ್ಷವಿಡೀ ಬರುತ್ತಾರೆ.

ಇನ್ನೊಂದು ಮಾತು. ಆ ಮಳೆಗಾಲ ಕೊಡಗಿಗೆ ಪ್ರವಾಸಿಗರು ಬರುವುದನ್ನು ಕೆಲಕಾಲ ನಿಲ್ಲಿಸಲಾಗಿತ್ತು. ಹೋಂಸ್ಟೇ, ಟ್ಯಾಕ್ಸಿ, ರಸ್ತೆಬದಿಯ ಜೇನು–ಕಾಳುಮೆಣಸಿನ ಅಂಗಡಿ ನಂಬಿದವರಿಗೆ ಅದು ಎರಡನೇ ಪೆಟ್ಟು. ದಾರಿ ತೆರೆದ ಮೇಲೆ, ಹೂಮಳೆ ಬಿದ್ದು ಕಾಫಿತೋಟ ಬೆಳ್ಳಗಾಗುವ ಹೊತ್ತಿಗೆ ಅಲ್ಲಿ ಹೋಗಿ ಉಂಡು, ಉಳಿದು, ಒಂದು ಬಾಟಲಿ ಜೇನು ಕೊಂಡು ಬರುವುದೂ ಆಸರೆಯೇ.

ಈ ಬೇಸಿಗೆಯ ಒಂದು ಭಾನುವಾರವನ್ನು ಕಳೆದ ಮಳೆಗೆ ನಲುಗಿದ ಊರಿಗಾಗಿ ಎತ್ತಿಡಿ. ಉಳಿದವನ್ನು ಮನೆಮಂದಿಯೊಡನೆ ಮನಸಾರೆ ಕಳೆಯಿರಿ.